ಮ್ಯಾಲಕಿಯ ಟ್ಯೂಬಾ ಕಚೇರಿ

ಡಬ್ಲಿನ್‌ನಿಂದ ರೇಡಿಯೋದವರು ಬರುತ್ತಾರೆಂಬ ಸುದ್ದಿ ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲೇ ಮ್ಯಾಲಕಿ ಲೆನಿಹನ್‌ನ ಕಿವಿಗೆ ಬಿತ್ತು. ಹೇಳಿದವರು ಅಟ್ರಾಕ್ಟಾ ಮಿಸ್. ಅದು ಸುದ್ದಿ ಹೇಳಿದ ಹಾಗಿರಲಿಲ್ಲ, ನೋಟಿಸ್ ಕೊಟ್ಟ ಹಾಗಿತ್ತು.

"ಲೋ ಮ್ಯಾಲಕಿ, ಮಧ್ಯಾಹ್ನ ಡಿಂಪ್ನಾ ಪಬ್ಬಲ್ಲಿ ನಾವು ನುಡಿಸೋದನ್ನ ರೆಕಾರ್ಡ್ ಮಾಡ್ಕೊಳ್ತಾರೆ. ಆ ನಿನ್ನ ಚರಂಡಿ ಪೈಪು ಒಳಗೆ ತರ್ಬೇಡ."

"ಮಿಸ್, ಅದು ಟ್ಯೂಬಾ."

"ಗೊತ್ತು ಕಣೋ. ಬೈಯೋಕೆ ಅದಕ್ಕಿಂತ ಒಳ್ಳೆ ಹೆಸರು ಸಿಗ್ಲಿಲ್ಲ."

ಮ್ಯಾಲಕಿ ಹಾಲಿನ ಲಾರಿ ಓಡಿಸುವವನು. ಪೇಟೆಯ ಬ್ಯಾಂಡು ಮುಚ್ಚಿಹೋದಾಗ ಯಾರಿಗೂ ಬೇಡವಾಗಿ ಉಳಿದ ಆ ವಾದ್ಯ ಚಿಕ್ಕಪ್ಪನ ಮೂಲಕ ಅವನ ಮನೆ ಸೇರಿತ್ತು. ಸುರುಳಿ ಸುತ್ತಿಕೊಂಡ ಹಿತ್ತಾಳೆಯ ಹೆಬ್ಬಾವು, ಬಾಯಿ ಮಾತ್ರ ಬಾಣಲೆಯಷ್ಟಗಲ. ಕುಣಿತದ ಒಂದು ಧಾಟಿಗೆ ಅವನು ಮೊದಲ ಸಲ ಅದರಲ್ಲಿ ಕೆಳಶ್ರುತಿ ಊದಿದಾಗ, ಹಾರಾಡುತ್ತಿದ್ದ ಮನೆಗೆ ಯಾರೋ ತಳಪಾಯ ಹಾಕಿದಂತಾಗಿತ್ತು. ಹಾಗೆಂದು ಅವನಿಗನ್ನಿಸಿತ್ತು. ಕ್ಲೇರ್ ಜಿಲ್ಲೆಯಲ್ಲಿ ಉಳಿದ ಯಾರಿಗೂ ಅನ್ನಿಸಿರಲಿಲ್ಲ.

ಅಟ್ರಾಕ್ಟಾ ಮಿಸ್ ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತರಾದವರು, ಪಬ್ಬಿನ ಸಂಗೀತಕೂಟಕ್ಕೆ ಮಾತ್ರ ಇನ್ನೂ ಹೆಡ್‌ಮಿಸ್. ಪಿಟೀಲು, ಕೊಳಲು, ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಕನ್ಸರ್ಟಿನಾ ಸೃಷ್ಟಿಸಿ ದೇವರು ಕೈ ತೊಳೆದುಕೊಂಡ ಎಂಬುದು ಅವರ ನಂಬಿಕೆ. ಗಿಟಾರಿನವನನ್ನೇ ವರ್ಷಗಟ್ಟಲೆ ಬಾಗಿಲಲ್ಲಿ ಕಾಯಿಸಿದವರು. ಹೀಗಾಗಿ ಮ್ಯಾಲಕಿ ಪ್ರತಿ ಭಾನುವಾರ ಕೋಟು ನೇತುಹಾಕುವ ಮೂಲೆಯಲ್ಲಿ, ಮಲಗಿದ ದಪ್ಪ ಮಗುವನ್ನು ಎತ್ತಿಕೊಂಡವನಂತೆ ಟ್ಯೂಬಾ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಇವತ್ತು ಆ ಮೂಲೆಯೂ ಹೋಯಿತು.

ಚರ್ಚಿನಿಂದ ಹೊರಟವನ ಹೆಗಲ ಮೇಲೆ ಸೇನನ್ ಗ್ಯಾರಿಹಿ ಕೈ ಹಾಕಿದ. ಕನ್ಸರ್ಟಿನಾ ನುಡಿಸುವವನು. ಪಬ್ಬಿನ ಹಿತ್ತಿಲ ಗೋಡೆಯಾಚೆಯ ಹೊಲ ಅವನದೇ.

"ಮಾರಾಯ, ಮಿಸ್ ಏನಂದ್ರು? ಒಳಗೆ ಬೇಡ ಅಂದ್ರು. ಹೊರಗೆ ಬೇಡ ಅಂದ್ರಾ?"

ಮಧ್ಯಾಹ್ನ ಮ್ಯಾಲಕಿ ಹಿತ್ತಿಲಲ್ಲಿ ಖಾಲಿ ಬಿಯರ್ ಪೀಪಾಯಿಯ ಮೇಲೆ ಕೂತ. ಅರ್ಧ ತೆರೆದ ಕಿಟಕಿಯಿಂದ ಪಿಟೀಲು ಶುರುವಾದದ್ದೇ ತಡ, ಇವನೂ ಉಸಿರು ಹದಮಾಡಿಕೊಂಡು ಮೆಲ್ಲಗೆ ಊದತೊಡಗಿದ. ಒಳಗೆ ಮಿಸ್‌ನ ಕಮಾನು ಎಂದೂ ಇಲ್ಲದಂತೆ ಹಾರಿತು. ಹೊಲದ ಕಡೆಯಿಂದ ಒಂದು ಪ್ರತಿಧ್ವನಿಯೂ ಎದ್ದಿತು. ಮ್ಯಾಲಕಿಗೆ ಕಣ್ಣಲ್ಲಿ ನೀರೇ ಬಂತು.

ಪಬ್ಬಿನ ಒಡತಿ ಡಿಂಪ್ನಾಗೆ ಬೇರೆ ಕಾರಣಕ್ಕೆ ನೀರು ಬಂತು. ಎಲ್ಲಿಂದಲೋ ಗುಂಯ್ ಎನ್ನುವ ಸದ್ದು! ಫ್ರಿಜ್ ಕೆಟ್ಟಿತೆಂದು ಅದರ ಪ್ಲಗ್ ಕಿತ್ತಳು, ಸದ್ದು ನಿಲ್ಲಲಿಲ್ಲ. ಐಸ್ ಮೆಷಿನ್ನಿನದು ಕಿತ್ತಳು. ಬಿಯರ್ ಪಂಪಿಗೆ ಎರಡು ಗುದ್ದಿದಳು. ಕೊನೆಗೆ ಹಿಂಬಾಗಿಲು ತೆರೆದಳು.

"ಅಯ್ಯೋ ಪಾಪಿ, ನೀನಾ! ನನ್ನ ಐಸೆಲ್ಲ ಕರಗಿ ನೀರಾಯ್ತಲ್ಲೋ!"

"ಮಿಸ್‌ಗೆ ಹೇಳ್ಬೇಡ ಡಿಂಪ್ನಾ, ನಿನ್ನ ದಮ್ಮಯ್ಯ."

"ಹೇಳಲ್ಲ. ಆದ್ರೆ ನಿನ್ನ ಹಿಂದೆ ಸ್ವಲ್ಪ ನೋಡು."

ಗೋಡೆಯ ಮೇಲೆ ಗದ್ದವಿಟ್ಟುಕೊಂಡು ಸೇನನ್‌ನ ಹೋರಿ ನಿಂತಿತ್ತು. ಕಚೇರಿಯ ಮುಂದಿನ ಸಾಲಿನ ರಸಿಕನಂತೆ ಕಣ್ಣು ಅರ್ಧ ಮುಚ್ಚಿತ್ತು. ಮ್ಯಾಲಕಿ ಊದುವುದನ್ನು ನಿಲ್ಲಿಸಿದ. ನಿಲ್ಲಿಸಿದ್ದು ರಸಿಕನಿಗೆ ಹಿಡಿಸಲಿಲ್ಲ. ಒಮ್ಮೆ ಎದೆಯಿಂದ ನೂಕಿತು, ಗಾರೆಯಿಲ್ಲದ ಕಲ್ಲುಗೋಡೆ ದಬದಬನೆ ಉದುರಿತು.

ಮ್ಯಾಲಕಿ ಟ್ಯೂಬಾ ಅಪ್ಪಿಕೊಂಡು ಬಾಗಿಲಿಗೆ ನುಗ್ಗಿದ. ಡಿಂಪ್ನಾ ಒಳಗೆ ಹಾರಿದಳು. ಟ್ಯೂಬಾದ ಬಾಯಿ ಆ ಇಕ್ಕಟ್ಟಾದ ಹಿಂಬಾಗಿಲಲ್ಲಿ ಬಿರಡೆಯಂತೆ ಸಿಕ್ಕಿಕೊಂಡಿತು. ಮ್ಯಾಲಕಿ ಹೊರಗೇ ಉಳಿದ. ಪ್ಯಾಂಟಿನ ಹಿಂಭಾಗಕ್ಕೆ ಬಿಸಿ ಉಸಿರು ತಾಗಿತು, ಆಮೇಲೆ ಕೊಂಬಿಲ್ಲದ ಹಣೆಯೂ ತಾಗಿತು. ಅವನ ಹೊಟ್ಟೆಯಲ್ಲಿದ್ದ ಗಾಳಿಯೆಲ್ಲ ಒಂದೇ ಏಟಿಗೆ ಟ್ಯೂಬಾದೊಳಗೆ ಹೋಯಿತು.

ಒಳಗೆ ಸಂಗೀತ ನಿಂತಿತು. ಒಬ್ಬರ ಕೈಯ ಗ್ಲಾಸೂ ಬಿತ್ತು.

"ಮ್ಯಾಲಕಿ!" ಎಂದು ಅಟ್ರಾಕ್ಟಾ ಮಿಸ್ ಕಿರುಚಿದರು. ಬಾಗಿಲಲ್ಲಿ ಹಿತ್ತಾಳೆ ಬಿಟ್ಟು ಏನೂ ಕಾಣುತ್ತಿರಲಿಲ್ಲ, ಆದರೂ ಯಾರೆಂದು ಅನುಮಾನವಿರಲಿಲ್ಲ.

ರೇಡಿಯೋ ಹುಡುಗಿ ಮುಯಿರನ್ ಹೆಡ್‌ಫೋನ್ ತೆಗೆದಳು. "ಬೈಬೇಡಿ ಮೇಡಂ. ಊರೂರು ಸುತ್ತಿದೀನಿ, ಎಲ್ಲಾ ಕಡೆ ಅದೇ ಪಿಟೀಲು, ಅದೇ ಕೊಳಲು. ಆಗಿಂದ ನನ್ನ ಕಿವೀಲಿ ಒಂದು ಕೆಳಶ್ರುತಿ ಬರ್ತಾ ಇತ್ತು. ಅದಿಲ್ದೆ ನಾನಿಲ್ಲಿಂದ ಹೋಗಲ್ಲ. ಅವರನ್ನ ಒಳಗೆ ಕರೀರಿ."

ಸೇನನ್ ಮುಂಬಾಗಿಲಿಂದ ಓಡಿಹೋಗಿ ಹೋರಿಯ ಮೂಗಿನ ಬಳೆ ಹಿಡಿದ. ನಾಲ್ಕು ಜನ ಒಳಗಿನಿಂದ ಟ್ಯೂಬಾ ಎಳೆದರು, ಅದರ ಹಿಂದೆಯೇ ಮ್ಯಾಲಕಿಯೂ ಬಂದ. ಮಿಸ್ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮ್ಯಾಲಕಿ ಜನ್ಮದಲ್ಲೇ ಅಷ್ಟು ಚೆನ್ನಾಗಿ ಊದಿರಲಿಲ್ಲ, ಹಾಗೆ ಊದಿದ.

ಮುಯಿರನ್ ಕೈ ಎತ್ತಿದಳು. "ಇದಲ್ಲ."

"ಇದೇ ಅಮ್ಮಾ! ನಾನೇ ಊದಿದ್ದು!"

"ಇದೂ ಇತ್ತು, ಇಲ್ಲ ಅನ್ನಲ್ಲ. ಇದರ ಹಿಂದೇನೇ ಇನ್ನೊಂದು ಬರ್ತಿತ್ತಲ್ಲ, ತುಂಬಿದ ಎದೆಯಿಂದ ಬಂದಂಥದ್ದು..."

ಅಷ್ಟರಲ್ಲಿ ಹಿತ್ತಿಲಿನಿಂದ ಹೋರಿ ಗಂಭೀರವಾಗಿ ಉತ್ತರ ಕೊಟ್ಟಿತು.

"ಅದು! ಅದೇ!"

ಎಲ್ಲರೂ ಮಿಸ್‌ನ ಮುಖ ನೋಡಿದರು. ಅವರು ಕಣ್ಣು ಮುಚ್ಚಿ ಪಿಟೀಲಿನ ತಂತಿ ಮೀಟಿ, ಹೋರಿಯ ದನಿಗೆ ಹೋಲಿಸಿ ನೋಡಿದರು.

"ಶ್ರುತಿ ಶುದ್ಧವಾಗಿದೆ. ನಮ್ಮ ಡೋಲಿನ ಚರ್ಮ ಇನ್ನೆಲ್ಲಿಂದ ಬಂತು? ಹಿತ್ತಾಳೆ ಬೇರೆ, ಇದು ಬೇರೆ. ಪರಂಪರೆಗೆ ಏನೂ ಅಡ್ಡಿಯಿಲ್ಲ."

ಒಂದೇ ತೊಡಕು: ಟ್ಯೂಬಾ ಕೇಳದೆ ಹೋರಿ ಬಾಯಿ ಬಿಡುತ್ತಿರಲಿಲ್ಲ. ರೆಕಾರ್ಡಿಂಗಿನಲ್ಲಿ ಟ್ಯೂಬಾ ಕೇಳಿದರೆ ಮಿಸ್‌ನ ಪರಂಪರೆ ಕೆಡುತ್ತಿತ್ತು. ಹಾಗಾಗಿ ಮೈಕು ಹಿತ್ತಿಲಿಗೆ ಬಂತು, ಹೋರಿ ಕಿಟಕಿಯ ಪಕ್ಕಕ್ಕೆ ಬಂತು, ಮ್ಯಾಲಕಿ ಹೊಲದ ಆಚೆ ಅಂಚಿನ ಬೇಲಿಗೆ ಹೋದ. ಟ್ಯೂಬಾದ ಬಾಯಿಗೆ ತನ್ನದೇ ಕೋಟು ತುರುಕಿ, ಹೋರಿಗೆ ಮಾತ್ರ ಕೇಳುವಷ್ಟು ಊದಿದ. ಸಣ್ಣಗೆ ಮಳೆಯೂ ಶುರುವಾಯಿತು.

ಎಲ್ಲ ಮುಗಿದ ಮೇಲೆ ಚಪ್ಪಾಳೆ ಬಿತ್ತು. ಒದ್ದೆಮುದ್ದೆಯಾಗಿ ಬಂದ ಮ್ಯಾಲಕಿ ಕಿಟಕಿಯ ಹೊರಗೆ ನಿಂತ. ಮುಯಿರನ್ ಮೈಕಿನಲ್ಲಿ ಹೆಸರು ಹೇಳುತ್ತಿದ್ದಳು: "ಪಿಟೀಲು, ಅಟ್ರಾಕ್ಟಾ ಲಿಲಿಸ್. ಕನ್ಸರ್ಟಿನಾ, ಸೇನನ್ ಗ್ಯಾರಿಹಿ. ಕೆಳಶ್ರುತಿ... ಹೆಸರೇನಂದ್ರಿ?"

ಮ್ಯಾಲಕಿ ಮುಖದ ನೀರು ಒರೆಸಿಕೊಂಡು ಗಂಟಲು ಸರಿಮಾಡಿಕೊಂಡ.

"ಬಾರ್ಟ್ಲಿ," ಎಂದ ಸೇನನ್, ಕಿಟಕಿಯಿಂದ ಕೈ ಚಾಚಿ ಹೋರಿಯ ನೆತ್ತಿ ತುರಿಸುತ್ತ. "ಬಾರ್ಟ್ಲಿ ಗ್ಯಾರಿಹಿ ಅಂತಲೇ ಹೇಳಿ. ನಮ್ಮ ಮನೇಲೇ ಹುಟ್ಟಿದವನು."