ಹುಡುಗ ಜಪಾನಕ್ಕ ಹೊಂಟಾನಂತ

ಮದುವೆಯೊಂದನ್ನು ಬಿಟ್ಟರೆ ನನ್ನ ಬಾಳಿನಲ್ಲಿ ಉಳಿದದ್ದೆಲ್ಲ ಆಗುತ್ತಲೇ ಇರುತ್ತದೆ. ಟ್ರ್ಯಾಕ್ಟರ್ ಹಳ್ಳಕ್ಕೆ ಇಳಿದದ್ದಾಯಿತು, ಆಲಿಕಲ್ಲು ಮಳೆ ನಮ್ಮ ಹೊಲವನ್ನೇ ಹುಡುಕಿಕೊಂಡು ಬಂದದ್ದಾಯಿತು, ಕೊನೆಗೆ ಜಪಾನಿ ಭಾಷೆ ಕಲಿಯುವುದೂ ಆಯಿತು. ಮಂಗಸೂಳಿ ಹತ್ತಿರದ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆದುಕೊಂಡಿದ್ದವನಿಗೆ ಜಪಾನಿ ಕಲಿಯುವ ಗತಿ ಬಂತೆಂದರೆ ಅವನ ಕಷ್ಟ ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ. ನನಗೆ ಮೂವತ್ತು ದಾಟಿ ಬಹಳ ದಿನವಾಯಿತು. ಬಯೋಡಾಟಾದಲ್ಲಿ ಮಾತ್ರ ಇನ್ನೂ ದಾಟಿಲ್ಲ.

೧. ಎರಡನೇ ಸಲದ ಚಹಾ

ನನಗೆ ಕನ್ಯೆ ಹುಡುಕುವ ಹೊಣೆ ಹೊತ್ತವನು ನಮ್ಮ ಕಡೆಯ ಒಬ್ಬ ಮಧ್ಯಸ್ಥ. ಎಲ್ಲರಿಗೂ ಅವನು ಕಾಕಾ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಯಾವ ತಾಲೂಕನ್ನೂ ಅವನು ಬಿಟ್ಟಿಲ್ಲ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಹುಡುಗ ಏನ್ ಮಾಡ್ತಾನ್ರಿ?" ಕಾಕಾ ಎದೆ ಸೆಟೆಸಿ, "ದ್ರಾಕ್ಷಿ ಪಡ ಐತ್ರಿ, ಕಬ್ಬ ಐತಿ, ಬೋರಿಗೆ ಬ್ಯಾಸಿಗ್ಯಾಗೂ ನೀರ ಐತಿ" ಅನ್ನುತ್ತಾನೆ. ಅಷ್ಟು ಕೇಳಿದ್ದೇ ತಡ, ಅಡುಗೆಮನೆಯಲ್ಲಿ ಕಪ್ಪು-ಬಸಿಯ ಸಪ್ಪಳ ನಿಂತುಬಿಡುತ್ತದೆ. ಎಲ್ಲರಿಗೂ ಹೊಲವಿರುವ ಮನೆ ಬೇಕು, ಹೊಲಕ್ಕೆ ಹೋಗುವ ಹುಡುಗ ಬೇಡ.

ಒಂದು ದಿನ ನಿಪ್ಪಾಣಿಯಿಂದ ಹೀಗೆಯೇ ಬರಿಗೈಯಲ್ಲಿ ಬರುವಾಗ ಕಾಕಾ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

"ತಮ್ಮಾ, ನಿನ್ನ ಬಯೋಡಾಟಾದಾಗ ಒಂದ ಊರ ಕಡಿಮಿ ಬಿದ್ದೈತಿ."

"ಯಾವ ಊರ ಕಾಕಾ?"

"ಜಪಾನ."

"ನಾ ಜಪಾನಕ್ಕ ಹೋದ್ರ ಪಡ ಯಾರ ನೋಡ್ತಾರ? ಮನ್ಯಾಗ ಅವ್ವ ಒಬ್ಬಾಕಿ."

"ಹೋಗಂತ ಯಾರಂದ್ರು? ಹೊಂಟಾನ ಅಂದ್ರ ಸಾಕು. ಲಗ್ನ ಆದಮ್ಯಾಲ ವಿಮಾನ ಕೆಟ್ಟೈತಿ ಅನ್ನೂಣು."

ಹಸಿ ಸುಳ್ಳು ನನಗೆ ಆಗಿಬರುವುದಿಲ್ಲ. ಬಯೋಡಾಟಾದಲ್ಲಿ "ಜಪಾನಿ ಭಾಷೆ ಕಲಿಯುತ್ತಿದ್ದಾನೆ" ಎಂದಷ್ಟೇ ಬರೆಸಿದೆ. ಅದು ಸುಳ್ಳಾಗಬಾರದೆಂದು ಅಥಣಿಯಲ್ಲಿ ಒಂದು ಕ್ಲಾಸಿಗೆ ಹೆಸರು ಹಚ್ಚಿದೆ. ಮುಂದೆ ಹೋದ ಮನೆಯಲ್ಲಿ ಜಪಾನದ ಹೆಸರು ಕೇಳಿದ್ದೇ ತಡ, ಚಹಾ ಎರಡು ಸಲ ಬಂತು. ಕನ್ಯೆ ಸಿಗಲಿಲ್ಲ, ಅಸಿಡಿಟಿ ಸಿಕ್ಕಿತು.

೨. ಪರಿಚಯದ ಪಾಠ

ಕ್ಲಾಸು ನಡೆಯುತ್ತಿದ್ದದ್ದು ಹನಿ ನೀರಾವರಿ ಪೈಪು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಲಿಸುವವರು ನಿಪ್ಪಾಣಿ ಕಡೆಯ ಮೇಡಂ, ಪುಣೆಯಲ್ಲಿ ಜಪಾನಿ ಓದಿದವರು. ವಾರವೆಲ್ಲ ಚಿಕ್ಕೋಡಿಯಲ್ಲಿ ನರ್ಸಿಂಗ್ ಹುಡುಗಿಯರಿಗೆ ಕಲಿಸಿ, ರವಿವಾರ ಮಾತ್ರ ನಮ್ಮ ಪಾಲಿಗೆ ಬರುತ್ತಿದ್ದರು.

ಮೊದಲ ದಿನ ಮೆಟ್ಟಿಲು ಹತ್ತಿ ಒಳಗೆ ಹೋದರೆ ಕೂತವರೆಲ್ಲ ಗುರುತಿನ ಮುಖಗಳೇ. ಒಬ್ಬನನ್ನು ಜುಗೂಳದ ಒಂದು ಮನೆಯ ಕಟ್ಟೆಯ ಮೇಲೆ ನೋಡಿದ್ದೆ. ಅವನು ಕನ್ಯೆ ನೋಡಿ ಹೊರಗೆ ಬರುತ್ತಿದ್ದ, ನಾನು ಒಳಗೆ ಹೋಗುತ್ತಿದ್ದೆ. ಇನ್ನೊಬ್ಬನ ಜೊತೆ ರಾಯಬಾಗದಲ್ಲಿ ಒಂದೇ ಹುಡುಗಿಯ ಮನೆಗೆ ದಾರಿ ಕೇಳಿದ್ದೆ. ಎಲ್ಲರೂ ಒಬ್ಬರಿಗೊಬ್ಬರು ಕಳ್ಳರ ಹಾಗೆ ಮುಖ ತಪ್ಪಿಸಿ ಕೂತೆವು. ಇವರಿಗೂ ಜಪಾನದ ಔಷಧ ಬರೆದುಕೊಟ್ಟವನು ನಮ್ಮ ಕಾಕಾನೇ ಎಂದು ಆಮೇಲೆ ತಿಳಿಯಿತು.

ಮೇಡಂ ಪಾಪ ಹುರುಪಿನಿಂದ ಕೇಳಿದರು: "ಜಪಾನಿ ಯಾಕ ಕಲೀಬೇಕಂತ ಬಂದೀರಿ? ಒಬ್ಬೊಬ್ಬರ ಹೇಳ್ರಿ."

ಒಬ್ಬ ಸಂಸ್ಕೃತಿ ಅಂದ. ಒಬ್ಬ ತಂತ್ರಜ್ಞಾನ ಅಂದ. ಹಿಂದಿನ ಸಾಲಿನಲ್ಲಿದ್ದ ಕಬ್ಬಿನ ಜಮೀನುದಾರ ಏನೂ ಹೊಳೆಯದೆ "ಜಪಾನದ ಹವಾ ಛಲೋ ಇರ್ತೈತ್ರಿ" ಅಂದ.

ಮೇಡಂ ಒಮ್ಮೆ ಎಲ್ಲರನ್ನೂ ದಿಟ್ಟಿಸಿ ನೋಡಿದರು. "ಲಗ್ನ ಆಗಲಾರದವ್ರು ಕೈ ಎತ್ರಿ" ಅಂದರು. ಎಲ್ಲರ ಕೈಯೂ ಮೇಲೆದ್ದಿತು. "ಇದ್ರಾಗ ಒಕ್ಕಲುತನ ಮಾಡವ್ರು?" ಒಂದು ಕೈಯೂ ಕೆಳಗೆ ಇಳಿಯಲಿಲ್ಲ.

ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. "ವಧು-ವರರ ಮೇಳಾವಾ ಬೇಕಾದಷ್ಟ ನೋಡೀನ್ರಪ್ಪಾ. ಬರೇ ವರಗಳ ಮೇಳಾವಾ ಇವತ್ತ ನೋಡಿದೆ."

೩. ಕಂಬಕ್ಕೊಂದು ಅಕ್ಷರ

ಈ ಭಾಷೆಗೆ ಒಂದಲ್ಲ, ಮೂರು ನಮೂನೆಯ ಲಿಪಿ. ಮೊದಲನೆಯದನ್ನು ಬಾಯಿಪಾಠ ಮಾಡುವುದರಲ್ಲೇ ನನ್ನ ತಲೆ ಕೆಟ್ಟು ಕೆರವಾಯಿತು. ಔಷಧಿ ಹೊಡೆಯುವಾಗಲೂ ಓದು ಸಾಗಲೆಂದು ಒಂದು ಉಪಾಯ ಮಾಡಿದೆ. ಪಡದ ಚಪ್ಪರವನ್ನು ಹೊತ್ತ ಒಂದೊಂದು ಕಂಬಕ್ಕೂ ಸುಣ್ಣದಲ್ಲಿ ಒಂದೊಂದು ಅಕ್ಷರ ಬರೆದೆ. ಸಾಲು ಹಿಡಿದು ನಡೆದರೆ ಪಾಠ ತಾನಾಗಿಯೇ ಆಗಬೇಕು.

ಮರುದಿನ ಬಳ್ಳಿ ಕತ್ತರಿಸುವ ಚಾಟ್ನಿಗೆ ಬಂದ ಹೆಣ್ಣಾಳುಗಳು ಬದುವಿನ ಮೇಲೆಯೇ ನಿಂತರು.

"ಯಾಕಬೇ, ಒಳಗ ಬರ್ರಿ."

"ನಾವ್ ಬರಂಗಿಲ್ಲಪ್ಪಾ. ಯಾರೋ ಮಾಟಾ ಮಾಡ್ಸ್ಯಾರ."

"ಮಾಟಾ ಅಲ್ಲಬೇ, ನಾನ ಬರದೀನಿ."

"ಅಯ್ಯ, ಯಾರ ಮ್ಯಾಲ?"

ಹೇಳಿದಷ್ಟೂ ಕೆಟ್ಟಿತು. ಚಾಟ್ನಿಯೋ ಒಂದು ದಿನವೂ ತಡೆಯುವ ಕೆಲಸವಲ್ಲ. ಅವ್ವ ಓಡಿಹೋಗಿ ಮಂಗಸೂಳಿ ಮಲ್ಲಯ್ಯನ ಭಂಡಾರ ತಂದಳು. ಒಂದೊಂದೇ ಕಂಬಕ್ಕೆ ಆ ಅರಿಷಿಣ ತೂರುತ್ತ, "ಮಲ್ಲಯ್ಯಾ, ನಿನಗ ಇಬ್ಬರ ಹೇಣ್ತ್ಯಾರ ಅದಾರ. ನನ್ನ ಮಗಗ ಒಬ್ಬಾಕಿನ್ನರ ಕೊಡೋ ನಮ್ಮಪ್ಪಾ" ಎಂದು ಎಲ್ಲ ಆಳುಗಳ ಮುಂದೆ ಗಟ್ಟಿಯಾಗಿ ಬೇಡಿಕೊಂಡಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಆ ವರ್ಷ ನಮ್ಮ ಪಡದಲ್ಲಿ ಹಿಂದೆಂದೂ ಕಾಣದಷ್ಟು ಗೊನೆ ಇಳಿಬಿದ್ದವು. ಬಗಲ ಹೊಲದವನು ಒಂದು ಬಕೆಟ್ ಸುಣ್ಣ ಹಿಡಿದುಕೊಂಡು ಬಂದ. "ಅಣ್ಣಾ, ಯಾರ ಮ್ಯಾಲ ಬರದೀಯೋ ನನಗ ಬ್ಯಾಡ. ನಮ್ಮ ಕಂಬಕ್ಕೂ ಅಷ್ಟ ಬರದ ಬಿಡು."

೪. ಕಾರ್ಖಾನೆಯ ಕಾಂಟಾ

ಕ್ಲಾಸಿನಲ್ಲಿ ಜನ ಕರಗುತ್ತ ಬಂದರು. ಮೊದಲು ಮದುವೆಯಾದವನು ಜಪಾನದ ಹವೆಯನ್ನು ಹೊಗಳಿದ್ದ ಆ ಕಬ್ಬಿನ ಜಮೀನುದಾರ. ನಾವೆಲ್ಲ ಬಾಯಿಬಿಟ್ಟು ಕೇಳಿದೆವು, ಯಾವ ಪಾಠಕ್ಕೆ ಹೆಣ್ಣು ಸಿಕ್ಕಿತೆಂದು.

"ಪಾಠ ಅಲ್ರಪ್ಪಾ. ಸಕ್ಕರಿ ಕಾರ್ಖಾನ್ಯಾಗ ಕಾಂಟಾದ ಮ್ಯಾಲ ಕುಂಡ್ರೂ ಕೆಲಸ ಹಿಡದೆ. ಹದಿನೈದ ದಿನದಾಗ ಕನ್ಯಾ ಬಂತು."

ಇಷ್ಟು ವರ್ಷ ತನ್ನ ಕಬ್ಬನ್ನು ಅದೇ ಕಾಂಟಾದಲ್ಲಿ ತೂಗಿಸಿಕೊಂಡು ಬಂದಾಗ ಅವನನ್ನು ತಿರುಗಿ ನೋಡುವವರಿಲ್ಲ. ಈಗ ಆಚೆ ಬದಿಗೆ ಕೂತು ಊರವರ ಕಬ್ಬು ತೂಗುತ್ತಾನೆ, ಅಳಿಯದೇವರು. ಅವತ್ತು ಮೇಡಂ ಕೂಡ ಪುಸ್ತಕ ಮುಚ್ಚಿ, "ಆ ಕಾರ್ಖಾನ್ಯಾಗ ಇನ್ನೂ ಜಾಗಾ ಅದಾವೇನ ಕೇಳ್ರಿ" ಅಂದುಬಿಟ್ಟರು.

೫. ಇದು ಕೊಡೆ

ಕಾಕಾ ಒಂದು ದಿನ ಕುಣಿಯುತ್ತ ಬಂದ. ಪಾಲಬಾವಿಯಲ್ಲಿ ಒಂದು ಮನೆಯವರು ತಾವಾಗಿಯೇ ಕರೆದಿದ್ದರು. ಜಪಾನಕ್ಕೆ ಹೋಗುವ ಹುಡುಗನೇ ಬೇಕಂತೆ.

ಹೊಸ್ತಿಲಲ್ಲಿ ನಿಂತು, ಮೇಡಂ ಕಲಿಸಿದ ಹಾಗೆ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ. ಹುಡುಗಿಯ ಅಜ್ಜ ಗಾಬರಿಯಾಗಿ "ಏನ ಬಿತ್ತೋ ತಮ್ಮಾ?" ಎಂದು ತಾನೂ ಬಗ್ಗಿದ. ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ನೆಲ ಹುಡುಕಿದರು.

ಕೂತ ಮೇಲೆ ಹುಡುಗಿಯ ಸೋದರಮಾವ ಅಂದ: "ಒಂದೀಟ ಜಪಾನಿ ಮಾತಾಡ್ರಿ, ಕೇಳೂಣು."

ಹಿಂದೆ ಕನ್ಯೆಗೆ ಹಾಡು ಹೇಳು, ನಡೆದು ತೋರಿಸು ಅನ್ನುತ್ತಿದ್ದರಂತೆ. ಆ ಪಾಪವೆಲ್ಲ ಸುತ್ತಿ ಬಂದು ನನ್ನ ತಲೆಯ ಮೇಲೆ ಕೂತಿತು. ನನಗೆ ಬರುತ್ತಿದ್ದದ್ದು ಮೊದಲ ಪಾಠ ಮಾತ್ರ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದೆ: ಇದು ಕೊಡೆ. ಅದು ನನ್ನ ಕೊಡೆ ಅಲ್ಲ. ಸ್ಟೇಷನ್ ಎಲ್ಲಿದೆ?

ಮನೆಯವರು ತಲೆದೂಗಿದರು. ಅಜ್ಜಿ ಅರ್ಥ ಕೇಳಿದಳು. ಕಾಕಾ ಒಂದು ಗಳಿಗೆಯೂ ತಡವರಿಸದೆ, "ಮನಿತನ ಬಾಳ ಛಲೋ ಐತಿ, ಹುಡುಗಿ ಲಕ್ಷ್ಮಿ ಇದ್ದಂಗ ಅದಾಳ ಅಂತಾನ್ರಿ" ಅಂದ.

ಬಾಗಿಲ ಹಿಂದೆ ಯಾರೋ ತಡೆಯಲಾಗದೆ ನಕ್ಕರು. ನೋಡಿದರೆ ಚಹಾದ ತಟ್ಟೆ ಹಿಡಿದು ನಿಂತ ಹುಡುಗಿ. ಕಪ್ಪುಗಳು ಗಲಗಲ ಅನ್ನುತ್ತಿದ್ದವು. ಆ ನಗು ನನಗೆ ಅಲ್ಲೇ ಹಿಡಿಸಿಬಿಟ್ಟಿತು. ಇಷ್ಟು ಮನೆ ತಿರುಗಿದ್ದರಲ್ಲಿ ಒಂದು ಹುಡುಗಿಯ ನಗು ಕೇಳಿದ್ದು ಅದೇ ಮೊದಲು.

ಇಬ್ಬರೂ ಮಾತಾಡಿಕೊಳ್ಳಿ ಎಂದು ನಮ್ಮನ್ನು ದನದ ಕೊಟ್ಟಿಗೆಯ ಕಡೆ ಕಳಿಸಿದರು. ಅವಳೇ ಶುರು ಮಾಡಿದಳು.

"ನಾನೂ ಅದ ಮೇಡಂ ಹತ್ರ ಕಲತೀನ್ರಿ, ಚಿಕ್ಕೋಡ್ಯಾಗ. ಮುದುಕರನ್ನ ನೋಡ್ಕೊಳ್ಳೂ ಕೆಲಸ ಸಿಕ್ಕೈತಿ. ಮುಂದಿನ ತಿಂಗಳ ಜಪಾನಕ್ಕ ಹೊಂಟೀನಿ. ಒಬ್ಬಾಕಿನ್ನ ಹೆಂಗ ಕಳಸೂದು, ಜೋಡಿ ಹೋಗಲಿ ಅಂತ ನಮ್ಮವ್ವ ನಿಮ್ಮನ್ನ ಕರ್ಸ್ಯಾಳ. ನೀವ್ ಖರೇನ ಹೋಗಾವ್ರೇನ್ರಿ?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ, ಬರಲಿಲ್ಲ. "ಇಲ್ರಿ. ಪಡ ಬಿಟ್ಟ ನಾ ಎಲ್ಲೂ ಹೋಗಾವ ಅಲ್ಲ."

"ಹಂಗಾದ್ರ ಯಾಕ ಕಲಿಯಾಕತ್ತೀರಿ?"

"ಲಗ್ನ ಆಗಾಕ."

ಅವಳು ಮತ್ತೆ ನಕ್ಕಳು, ಈ ಸಲ ಮೆಲ್ಲಗೆ. ಜಪಾನಕ್ಕೆ ಹೋಗುವವನೇ ಬೇಕೆಂದು ಕೇಳಿದ ಮನೆ ಅದೊಂದೇ. ಅಲ್ಲಿ ಖರೇ ಹೋಗುವವಳು ಅವಳು, ಹೋಗಲಾರದವನು ನಾನು. ಒಳಗೆ ಹೋಗುವಾಗ ಅವಳು ತಿರುಗಿ ನಿಂತು ಅಂದಳು: "ಬಿಡಬ್ಯಾಡ್ರಿ, ಕಲೀರಿ. ಕೊಡಿ ಪಾಠ ಛಲೋ ಹೇಳ್ತೀರಿ. ಸ್ಟೇಷನ್ ಒಂದ ಸಿಗಬೇಕ ಅಷ್ಟ."

೬. ಊಟ ಆತೇನ್ರಿ

ಅವಳು ಜಪಾನಕ್ಕೆ ಹೋದಳು. ಕ್ಲಾಸಿನಲ್ಲಿ ಕೊನೆಗೆ ಉಳಿದವನು ನಾನೊಬ್ಬನೇ. ಯಾಕೆ ಬಿಡಲಿಲ್ಲವೆಂದು ಕೇಳಿದರೆ, ಬಿಡಬೇಡಿ ಎಂದು ಅವಳು ಹೇಳಿದ್ದಳಲ್ಲ, ಅಷ್ಟೇ.

ಒಂದು ದಿನ ಮೇಡಂ ಅಂದರು: "ಪಾಲಬಾವಿ ಹುಡುಗಿ ಫೋನ್ ಮಾಡಿದ್ದಳು. ಅಲ್ಲಿ ಯಾರೋ ಒಬ್ಬರಿಗೆ ಕನ್ನಡ ಮಾತಾಡಿ ರೂಢಿ ಮಾಡ್ಕೋಬೇಕಂತ. ಆ ಕೊಡಿ ಹೇಳವ್ರನ್ನ ಕೇಳ್ರಿ ಅಂದಾಳ."

ಅವಳು ನನ್ನನ್ನು ಮರೆತಿಲ್ಲ! ಮರುದಿನ ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಡದ ನೆರಳಿನಲ್ಲಿ ಕೂತು ಮೇಡಂ ಕೊಟ್ಟ ನಂಬರಿಗೆ ವಿಡಿಯೋ ಕರೆ ಮಾಡಿದೆ. ತೆರೆಯ ಮೇಲೆ ಬಂದವನು ನನ್ನದೇ ವಯಸ್ಸಿನ, ಬಿಸಿಲಿಗೆ ಸುಟ್ಟ ಮುಖದ ಒಬ್ಬ ಜಪಾನಿ ಗಂಡಸು. ತಲೆಗೆ ಟೊಪ್ಪಿಗೆ, ಸೊಂಟಕ್ಕೆ ಕತ್ತರಿ.

"ನಮಸ್ಕಾರ್ರಿ. ಊಟ ಆತೇನ್ರಿ?" ಅಂದ. ನಮ್ಮ ಕಡೆಯದೇ ಮಾತು, ನಮ್ಮದೇ ಧಾಟಿ.

ಅವನ ತಲೆಯ ಮೇಲೆ ನೋಡಿದೆ. ದ್ರಾಕ್ಷಿ ಚಪ್ಪರ. ಅವನೂ ನನ್ನ ತಲೆಯ ಮೇಲೆ ನೋಡಿದ. ಇಬ್ಬರೂ ಹುಡುಗರ ಹಾಗೆ ಕಿರುಚಿದೆವು. ನಾನು ರೋಗ ಬಿದ್ದ ಒಂದು ಎಲೆ ಕಿತ್ತು ತೋರಿಸಿದೆ, ಅವನೂ ಹುಡುಕಿ ಅಂಥದೇ ಒಂದು ಎಲೆ ತೋರಿಸಿದ. ಗೊನೆಗೆ ನಾನು ಹಳೆಯ ಪೇಪರು ಸುತ್ತುತ್ತೇನೆ, ಅವನು ಬಿಳಿಯ ಚೀಲ ತೊಡಿಸುತ್ತಾನೆ. ಅರ್ಧ ಕನ್ನಡ, ಅರ್ಧ ಜಪಾನಿ, ಉಳಿದದ್ದು ಕೈಸನ್ನೆ. ಇಷ್ಟು ದಿನ ಕಲಿತದ್ದು ವ್ಯರ್ಥವಾಗಲಿಲ್ಲ ಎಂದು ಅವತ್ತು ಮೊದಲ ಸಲ ಸಂತೋಷವಾಯಿತು.

ಮನೆಯಲ್ಲಿ ಯಾರ್ಯಾರು ಎಂದು ಪಾಠದ ಪ್ರಶ್ನೆ ಕೇಳಿದೆ. "ಅವ್ವ" ಅಂದ. ಹೆಂಡತಿ? "ಇಲ್ರಿ." ಯಾಕೆ? ಬೆರಳೆತ್ತಿ ತಲೆಯ ಮೇಲಿನ ಬಳ್ಳಿ ತೋರಿಸಿದ. ನಾನೂ ಬೆರಳೆತ್ತಿ ನಮ್ಮ ಬಳ್ಳಿ ತೋರಿಸಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಕಣ್ಣೀರು ಮಾತ್ರ ಉಳಿಯಿತು.

"ಮತ್ತ ಕನ್ನಡ ಯಾಕ?" ಎಂದು ಕೇಳಿದೆ.

ಅವನ ಕಿವಿ ಕೆಂಪಾದವು. "ನಮ್ಮ ಅವ್ವನ್ನ ನೋಡ್ಕೊಳ್ಳೂ ಹುಡುಗಿ... ಪಾಲಬಾವಿ." ಊರಿನ ಹೆಸರನ್ನು ನಮ್ಮ ಬಸ್ ಕಂಡಕ್ಟರಿಗಿಂತ ಚೊಕ್ಕ ಹೇಳಿದ. "ಲಗ್ನ ಕೇಳಿದೆ. ನಕ್ಕಳು. ಮನಿಯವ್ರನ್ನ ಕೇಳ್ರಿ ಅಂದಳು. ದ್ರಾಕ್ಷಿ ಮುಗಿದಮ್ಯಾಲ ಬರ್ತೀನಿ. ಮನಿಯವ್ರು... ಏನ ಕೇಳ್ತಾರ್ರಿ?"

ನೆಟ್‌ವರ್ಕ್ ಹೋಯಿತೆಂದು ಫೋನು ಕಟ್ ಮಾಡಿಬಿಡಬೇಕೆನಿಸಿತು. ಬಾಗಿಲ ಹಿಂದೆ ಗಲಗಲ ಅಂದ ಆ ಕಪ್ಪುಗಳು ನೆನಪಾದವು. ಅವನೋ ಟೊಪ್ಪಿಗೆ ತೆಗೆದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ನನ್ನ ಬಾಯನ್ನೇ ನೋಡುತ್ತ ಕೂತಿದ್ದ. ಅದೇ ಬಿಸಿಲು, ಅದೇ ಬಳ್ಳಿ, ಅದೇ ಮುಖ. ಕನ್ನಡಿಯ ಮೇಲೆ ಸಿಟ್ಟು ಮಾಡಿ ಏನು ಮಾಡಲಿ?

ಬಹಳ ಹೊತ್ತು ಮಾತು ಜೋಡಿಸಿದೆ. ಪುಸ್ತಕ ನೋಡದೆ, ಮೇಡಂಗೆ ಕೇಳದೆ, ನಾನಾಗಿ ಕಟ್ಟಿದ ಮೊಟ್ಟಮೊದಲ ಜಪಾನಿ ಮಾತು ಅದು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ:

"ದ್ರಾಕ್ಷಿ ಸುದ್ದಿ ತಗೀಬ್ಯಾಡೋ ತಮ್ಮಾ. ಜಪಾನದಾಗ ಇರ್ತೀನಿ ಅಂತಷ್ಟ ಅನ್ನು. ಚಹಾ ಎರಡ ಸಲ ಬರ್ತೈತಿ."