ಸ್ವಲ್ಪ ಭಯ ಇರಲಿ

ಜನರಿಗೆ ಧೈರ್ಯ ಬಂದರೆ ಒಬ್ಬನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಆ ಬೆಳಿಗ್ಗೆ ಸಾಹೇಬರು ಕರೆಯುವವರೆಗೆ ಶೇಕಡಾ ಕೂಡ ನಂಬಿರಲಿಲ್ಲ.

ಶೇಕಡಾ ಎನ್ನುವುದು ಅಪರಾಧ ತಡೆ ಯೋಜನಾ ಕಚೇರಿಯವರು ಇಟ್ಟ ಹೆಸರು. ಟೀ ಹೇಗಿದೆ ಎಂದು ಕೇಳಿದರೂ ನೂರಕ್ಕೆ ಇಷ್ಟು ಎಂದು ಲೆಕ್ಕ ಹೇಳುವ ಪ್ರಾಣಿ. ಹುದ್ದೆ ಸಂಶೋಧನಾ ಸಹಾಯಕನದು, ಅದೂ ತಾತ್ಕಾಲಿಕ. ಒಂದು ಬೀದಿಯಲ್ಲಿ ಕಳ್ಳತನ ತಗ್ಗಿಸಲು ದೀಪ, ಗಸ್ತು ಎಂದು ಬಂದಿದ್ದ ಅನುದಾನದಲ್ಲೇ ಅವನ ಸಂಬಳವೂ ಹೇಗೋ ನುಸುಳಿಕೊಂಡಿತ್ತು. ಅನುದಾನ ನಿಂತರೆ ಅವನೂ ಮನೆಗೆ. ಈ ತಾತ್ಕಾಲಿಕದ ಸಂಗತಿಯನ್ನು ಹೆಣ್ಣು ಕೊಟ್ಟ ಮಾವನಿಗೆ ಮಾತ್ರ ಅವನು ಹೇಳಿರಲಿಲ್ಲ. "ಅಳಿಯನಿಗೆ ಸರ್ಕಾರಿ ಕೆಲಸ" ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗುವಾಗ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ ಎಂದು ಸುಮ್ಮನಿದ್ದ.

"ಬೀದಿಯ ಜನಕ್ಕೆ ಈಗ ಭಯ ಇದೆಯಾ ಇಲ್ವಾ ಅಂತ ಸಂಜೆಯೊಳಗೆ ಸಮೀಕ್ಷೆ ಬೇಕಂತೆ," ಎಂದರು ಸಾಹೇಬರು. "ಅದನ್ನ ನೋಡಿ ಅನುದಾನ ಕೊಡ್ತಾರಂತೆ."

"ಭಯ ಇಲ್ಲ ಅಂದ್ರೆ ನಾವು ಗೆದ್ದ ಹಾಗಲ್ವಾ ಸಾರ್?"

"ಗೆದ್ರೆ ಮತ್ತೆ ದುಡ್ಡು ಯಾಕ್ರೀ ಕೊಡ್ತಾರೆ? ಜ್ವರ ಬಿಟ್ಟವನಿಗೆ ಯಾರು ಮಾತ್ರೆ ಕೊಡ್ತಾರೆ?"

"ಹಾಗಾದ್ರೆ ಭಯ ಹಾಗೇ ಇದೆ ಅಂತ..."

"ಆಗ ಯೋಜನೆ ಸೋತಿದೆ ಅಂತ ಮುಚ್ಚುತ್ತಾರೆ. ಮೊದಲು ತುಂಬ ಭಯ ಇತ್ತು, ಈಗ ಕಡಿಮೆ ಆಗಿದೆ, ಆದ್ರೂ ಸ್ವಲ್ಪ ಇದೆ. ಹಾಗೆ ಬರಬೇಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಸುಳ್ಳು ಮಾತ್ರ ಬರೀಬೇಡಿ. ಜನ ಹೇಳಿದ್ದನ್ನೇ ಬರೀರಿ."

ಬೀದಿಯ ಜನ ಹೇಳಿದ್ದು ಬೇರೆಯೇ. "ದೀಪ ಬಂದಮೇಲೆ ಏನಪ್ಪಾ ಭಯ? ನಮ್ಮ ಸೊಸೆ ಒಬ್ಬಳನ್ನ ಬಿಟ್ರೆ ನಾನು ಯಾರಿಗೂ ಹೆದರಲ್ಲ," ಎಂದಳು ಮೊದಲ ಮನೆಯ ಅಜ್ಜಿ. ಸೊಸೆಗೆ ಸಮೀಕ್ಷೆಯಲ್ಲಿ ಜಾಗವಿರಲಿಲ್ಲ. ಮುಂದಿನ ಮನೆಗಳಲ್ಲೂ ಇದೇ ರಾಗ. ಭಯ ಸೊನ್ನೆಗೆ ಇಳಿಯುತ್ತಿದ್ದಂತೆ ಶೇಕಡಾನ ಭಯ ನೂರಕ್ಕೆ ನೂರಾಯಿತು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಮನೆ ಎಷ್ಟು ಭದ್ರ ಎಂದು ತಿಳಿಯುವ ಪ್ರಶ್ನೆಗಳು ಕೊನೆಯಲ್ಲಿದ್ದವು. ಅವನ್ನೇ ಮೊದಲು ಕೇಳಿಬಿಟ್ಟರೆ, ಭಯದ ಪ್ರಶ್ನೆ ಬರುವ ಹೊತ್ತಿಗೆ ಜನ ಕೊಂಚ ಹದಕ್ಕೆ ಬಂದಿರುತ್ತಾರೆ. ಸುಳ್ಳೂ ಅಲ್ಲ, ಮೋಸವೂ ಅಲ್ಲ, ಬರೀ ಅನುಕ್ರಮ.

"ಮಧ್ಯಾಹ್ನ ಮನೇಲಿ ಯಾರಿರ್ತಾರೆ ಅಮ್ಮ?" ಎಂದು ಬಟ್ಟೆ ಹೊಲಿಯುವ ಹೆಂಗಸನ್ನು ಕೇಳಿದ. "ಹೊರಗೆ ಹೋಗುವಾಗ ಬೀಗದಕೈ ಎಲ್ಲಿಡ್ತೀರಿ? ಹಿತ್ತಲ ಚಿಲಕ ಗಟ್ಟಿ ಇದೆಯಾ?"

ಹೊಲಿಗೆ ಯಂತ್ರ ನಿಂತಿತು.

"ಈಗ ಹೇಳಿ, ನಿಮಗೆ ಭಯ ಇದೆಯಾ?"

"ಇದೆ."

"ಎಷ್ಟು?"

"ನೀವು ಗೇಟಿನಾಚೆ ಹೋಗಿ. ಆಮೇಲೆ ಹೇಳ್ತೀನಿ."

ಶೇಕಡಾ ಹಿಗ್ಗಿ ಹೀರೇಕಾಯಿಯಾದ. ಆದರೆ ಅವನಿಗಿಂತ ಮುಂಚೆ ಸುದ್ದಿ ಬೀದಿಯ ತುದಿ ಮುಟ್ಟಿತ್ತು. ಬಾಗಿಲುಗಳು ದಡದಡ ಮುಚ್ಚಿಕೊಂಡವು, ಕಿಟಕಿಯಲ್ಲಿ ಕಣ್ಣುಗಳು ಮೂಡಿದವು. ಅಯ್ಯೋ ದೇವರೇ, ಇದು 'ಸ್ವಲ್ಪ' ಅಲ್ಲ, ವಿಪರೀತವಾಯಿತು ಎಂದು ಅವನು ಗಾಬರಿಯಾಗಿ ಸಮಾಧಾನಕ್ಕೆ ಇಳಿದ. "ಹೆದರಬೇಡಿ," ಎಂದು ಮುಚ್ಚಿದ ಬಾಗಿಲೊಂದಕ್ಕೆ ಹೇಳಿದ. "ನಿಮ್ಮ ಪಕ್ಕದ ಮನೆ ಚಿಲಕ ಸಡಿಲ ಇರೋದು ನನಗೊಬ್ಬನಿಗೇ ಗೊತ್ತಿರೋದು."

ಆ ಪಕ್ಕದ ಮನೆ ನಿವೃತ್ತ ಡ್ರಿಲ್ ಮೇಷ್ಟರದು. ಪೀಪಿ ಊದಿಕೊಂಡೇ ಹೊರಬಂದ ಅವರು ಶೇಕಡಾನ ಕೊರಳಪಟ್ಟಿ ಹಿಡಿದು, ಎಡ-ಬಲ ಎಂದು ಹೆಜ್ಜೆ ಹಾಕಿಸುತ್ತ ಠಾಣೆಗೆ ಕರೆದೊಯ್ದರು. ಇಡೀ ಬೀದಿ ಹಿಂದೆ ನಡೆಯಿತು.

"ಗುರುತಿನ ಚೀಟಿ?" ಎಂದರು ಇನ್ಸ್‌ಪೆಕ್ಟರ್.

"ತಾತ್ಕಾಲಿಕದವರಿಗೆ ಕೊಡಲ್ಲ ಸಾರ್."

ಇನ್ಸ್‌ಪೆಕ್ಟರ್ ಯೋಜನಾ ಕಚೇರಿಯ ಸಾಹೇಬರಿಗೆ ಫೋನು ಮಾಡಿದರು, ಕೇಳಿಸಿಕೊಂಡರು, ಫೋನು ಇಟ್ಟರು. "ಇವರು ಸರ್ಕಾರದವರೇ ಅಂತೆ. ಹೇಗೂ ಎಲ್ರೂ ಬಂದಿದ್ದೀರಿ, ಉಳಿದ ಸಮೀಕ್ಷೆ ಇಲ್ಲೇ ಮುಗಿಸಿಕೊಡಬೇಕಂತೆ."

ಜನ ಗೊಣಗುತ್ತಲೇ ಸಾಲುಗಟ್ಟಿದರು. ಮೊದಲು ಬಂದವರು ಮೇಷ್ಟರು. "ದೀಪ ಬರೋ ಮುಂಚೆ ತುಂಬ ಭಯ ಇತ್ತು. ಆಮೇಲೆ ಕಡಿಮೆ ಆಯ್ತು. ಇವತ್ತಿಂದ ಮತ್ತೆ ಸ್ವಲ್ಪ ಇದೆ."

ಶೇಕಡಾ ಸರಸರ ಬರೆದುಕೊಂಡ. ಸಾಹೇಬರು ಕೇಳಿದ್ದ ಉತ್ತರ, ಅಕ್ಷರಕ್ಕಕ್ಷರ. "ಯಾವುದರಿಂದ ಭಯ ಸಾರ್?"

"ನಿನ್ನಿಂದ."

ಜನ ಹೇಳಿದ್ದನ್ನೇ ಬರೆಯಬೇಕು. ಬರೆದ. ಹಿಂದಿನವರೂ ಮೇಷ್ಟರು ಹೇಳಿದ್ದೇ ಸರಿ ಎಂದರು. ಬೆಳಿಗ್ಗೆ ಯಾರಿಗೂ ಹೆದರದಿದ್ದ ಅಜ್ಜಿ ಕೂಡ ಹೇಳಿಕೆ ಬದಲಿಸಿ, "ಈಗ ಸೊಸೆನೇ ಪರವಾಗಿಲ್ಲ ಅನ್ಸುತ್ತೆ," ಎಂದಳು.

ಸಂಜೆ ಸಾಹೇಬರು ವರದಿ ನೋಡಿ ಖುಷಿಯಿಂದ ಮೇಜು ಕುಟ್ಟಿದರು. ಮೇಲಕ್ಕೆ ಕಳಿಸಿದ ಸ್ವಲ್ಪ ಹೊತ್ತಿಗೇ ಅವರ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡೇ ಅವರು ಶೇಕಡಾನತ್ತ ಹೆಬ್ಬೆರಳು ಎತ್ತಿ, "ಮಂಜೂರು, ಮೂರು ವರ್ಷಕ್ಕೆ," ಎಂದು ಪಿಸುಗುಟ್ಟಿದರು.

ಶೇಕಡಾನ ಕಣ್ಣಲ್ಲಿ ನೀರು ಬಂತು. ತಡೆಯಲಾರದೆ ಬಾಗಿಲ ಬಳಿಗೆ ಹೋಗಿ ಮಾವನಿಗೇ ಫೋನು ಮಾಡಿದ. "ಮಾವ, ಸಿಹಿ ಸುದ್ದಿ. ನನ್ನ ಕೆಲಸ ಇನ್ನೂ ಮೂರು ವರ್ಷ ಇರುತ್ತೆ."

"ಮೂರೇ ವರ್ಷವಾ?" ಎಂದರು ಮಾವ. "ಸರ್ಕಾರಿ ಕೆಲಸ ಅಂದಿದ್ರಲ್ಲ ಅಳಿಯಂದ್ರೇ?"

ಶೇಕಡಾ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಸಾಹೇಬರು ಫೋನು ಇಟ್ಟು ಹತ್ತಿರ ಬಂದು, ಅವನ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ದಿನದಲ್ಲಿ ಅವರು ಹಾಗೆ ಮಾಡಿದ್ದೇ ಇಲ್ಲ.

"ಮೇಲಿನವರಿಗೆ ತುಂಬ ಸಂತೋಷ ಆಗಿದೆ ಕಣ್ರೀ. ಬೇರೆ ಬೀದೀಲಿ ಭಯಕ್ಕೆ ಕುಡಿತ, ಕತ್ತಲೆ, ನಿರುದ್ಯೋಗ ಅಂತ ನೂರೆಂಟು ಕಾರಣ. ಇಲ್ಲಿ ಒಂದೇ. ಖರ್ಚಿಲ್ಲದೆ ತೆಗೀಬಹುದು. ಅದನ್ನ ಇವತ್ತೇ ತೆಗೆದುಹಾಕಬೇಕು ಅನ್ನೋದೊಂದೇ ಷರತ್ತು." ಅವರು ಗಂಟಲು ಸರಿಮಾಡಿಕೊಂಡರು. "ಕಾರಣ ಏನು ಅಂತ ನೀವೇ ಬರೆದಿದ್ದೀರಿ."

ಫೋನಿನಲ್ಲಿ ಮಾವ ಇನ್ನೂ ಕೂಗುತ್ತಿದ್ದರು. "ಅಳಿಯಂದ್ರೇ, ಕೇಳಿಸ್ತಾ? ಮೂರು ವರ್ಷ ಆದ್ಮೇಲೆ ಏನ್ಮಾಡ್ತೀರಿ ಅಂದೆ."

"ಆ ಚಿಂತೆ ಬಿಡಿ ಮಾವ," ಎಂದ ಶೇಕಡಾ. "ಅಷ್ಟು ದಿನ ಕಾಯೋದು ಬೇಡ. ನಾಳೆ ಬೆಳಿಗ್ಗೆನೇ ಬರ್ತೀನಿ, ಕೂತು ಮಾತಾಡೋಣ."