ಏಳು ಮಂದಿ ನಾಯಕರು, ಒಂದು ಕಪಾಟು

ವಿದ್ಯಾರ್ಥಿ ನಾಯಕತ್ವ, ಉದ್ಯೋಗ ಸಿದ್ಧತೆ, ಸಮುದಾಯ ಸೇವೆ ಮೂರನ್ನೂ ಒಂದೇ ಫಾರಂನಲ್ಲಿ ಹಿಡಿಸಿದ ಕಾಲೇಜು ಸಂಯೋಜಕರಾದ ಮಾನ್ಯರೇ,

ತಮ್ಮಿಂದ ಸೇವೆ ಮಾಡಿಸಿಕೊಂಡು ಮಾಡಿಸಿಕೊಂಡು ಸುಸ್ತಾಗಿರುವ ಬಡಾವಣೆಯ ಗ್ರಂಥಪಾಲಕನ ಸಾವಿರ ನಮಸ್ಕಾರಗಳು.

ಈ ವರ್ಷ ತಾವು ನಮ್ಮ ಗ್ರಂಥಾಲಯಕ್ಕೆ ಐದು ವಿದ್ಯಾರ್ಥಿ ತಂಡಗಳನ್ನು ಕಳುಹಿಸಿದಿರಿ. ತಂಡಕ್ಕೆ ಏಳು ಮಂದಿ, ಏಳಕ್ಕೆ ಏಳೂ ನಾಯಕರು. ‘ಗುರುತಿಸಿದ ಸಮಸ್ಯೆ’, ‘ಪರಿಹರಿಸಿದ ಬಗೆ’ ಎಂಬ ಕಾಲಂಗಳನ್ನು ತುಂಬಲೇಬೇಕಾದ್ದರಿಂದ ಮೊದಲ ತಂಡ ಬೆಳಕು ಸಾಲದೆಂದು ಕಥೆಪುಸ್ತಕಗಳ ಕಪಾಟನ್ನು ಕಿಟಕಿಯ ಬಳಿಗೆ ಸರಿಸಿತು, ಎರಡನೆಯದು ಬಿಸಿಲು ಬೀಳುತ್ತದೆಂದು ವಾಪಸ್ ತಂದಿತು, ಮೂರನೆಯದು ಮತ್ತೆ ಕಿಟಕಿಗೆ ಒಯ್ದಿತು, ನಾಲ್ಕನೆಯದು ಏನು ಮಾಡಿತೆಂದು ತಮ್ಮಂಥ ಜಾಣರಿಗೆ ಹೇಳಬೇಕಿಲ್ಲ. “ಪ್ಲಾನಿಂಗ್ ನಾನು ನೋಡ್ಕೋತೀನಿ ಸರ್, ಆ ತುದಿ ನೀವು ಸ್ವಲ್ಪ ಹಿಡ್ಕೊಳ್ಳಿ” ಎಂದು ಪ್ರತಿ ಸಲವೂ ಒಬ್ಬರು ವಿನಯದಿಂದ ಕೇಳುತ್ತಿದ್ದುದರಿಂದ ಕಪಾಟು ಹೊತ್ತವರು ನಾನು ಮತ್ತು ಕಸ ಗುಡಿಸುವ ಅಕ್ಕ. ಸದ್ಯ ನಮ್ಮಿಬ್ಬರ ಸೊಂಟ ಯಾವ ಉದ್ಯೋಗಕ್ಕೂ ಸಿದ್ಧವಿಲ್ಲ. ಇದ್ದಬದ್ದ ಸಮಸ್ಯೆಗಳೆಲ್ಲ ಖಾಲಿಯಾಗಿರುವುದರಿಂದ ಮುಂದಿನ ವರ್ಷಕ್ಕೆ ನಾಲ್ಕೈದು ಹೊಸ ಸಮಸ್ಯೆಗಳನ್ನು ಮಂಜೂರು ಮಾಡಬೇಕೆಂದೂ, ನಾಯಕರ ಜೊತೆಗೆ ಇಬ್ಬರಾದರೂ ಅನುಯಾಯಿಗಳನ್ನು ಎಲ್ಲಿಂದಲಾದರೂ ಹುಡುಕಿ ಕಳುಹಿಸಬೇಕೆಂದೂ ಕೋರುತ್ತೇನೆ.

ಐದನೆಯ ತಂಡದಲ್ಲಿ ಮಾತ್ರ ತಮ್ಮ ಕೈತಪ್ಪಿ ಆರೇ ನಾಯಕರು ಬಂದರು. ಏಳನೆಯವಳು ಕೆಲಸ ಮಾಡುವ ಹುಡುಗಿ. ಹರಿದ ಪುಸ್ತಕಗಳನ್ನು ತೋರಿಸಿದೆ, ಕೂತು ನೂರಹತ್ತಕ್ಕೆ ರಟ್ಟು ಹಾಕಿದಳು. ಕಣ್ಣು ಮಂಜಾದ ಒಬ್ಬ ಅಜ್ಜನಿಗೆ ದಿನಾ ಪತ್ರಿಕೆ ಓದಿ ಹೇಳಿದಳು, ಅದನ್ನು ನಾನು ಹೇಳಿಯೂ ಇರಲಿಲ್ಲ. ‘ನಾಯಕತ್ವ ಗುಣ’ ಎಂಬ ಕಾಲಂನಲ್ಲಿ ನಾನು ತುಂಬು ಮನಸ್ಸಿನಿಂದ ‘ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಾಳೆ’ ಎಂದು ಬರೆದೆ. ಮೂವತ್ತು ವರ್ಷದ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಗೊತ್ತಿಲ್ಲ ಸ್ವಾಮಿ! ತಾವು ಅದನ್ನೇ ಓದಿ, ಮುಂದಾಳತ್ವವಿಲ್ಲವೆಂದು ಅವಳನ್ನು ಫೇಲು ಮಾಡಿದಿರಿ. ತಮ್ಮ ಪ್ರಮಾಣಪತ್ರವಿಲ್ಲದೆ ಸೋಮವಾರದ ಉದ್ಯೋಗ ಸಂದರ್ಶನಕ್ಕೆ ಅವಳನ್ನು ಒಳಗೆ ಬಿಡುವುದಿಲ್ಲವಂತೆ.

ತಪ್ಪು ನನ್ನ ಪೆನ್ನಿನದು, ನನಗೆ ರಾತ್ರಿ ಅನ್ನ ಸೇರುತ್ತಿಲ್ಲ. ಆ ಸಾಲನ್ನು ಹೊಡೆದುಹಾಕಿ, ‘ಸಭೆ ಕರೆದಳು, ಕಪಾಟಿನತ್ತ ಕೈ ತೋರಿಸಿದಳು, ಫೋಟೋದಲ್ಲಿ ನಡುವೆ ನಿಂತಳು’ ಎಂದು ಬೇಕಾದರೆ ಬರೆದುಕೊಳ್ಳಿ, ಆ ಸುಳ್ಳಿಗೆ ಸಹಿ ಹಾಕಲು ನಾನು ಸಿದ್ಧ. ಸೋಮವಾರದೊಳಗೆ ಅವಳ ಪ್ರಮಾಣಪತ್ರ ಕೊಡಿ.

ಇನ್ನೂ ನೆಟ್ಟಗೆ ನಿಲ್ಲಲಾರದ,
ತಮ್ಮ ವಿಶ್ವಾಸಿ,
ಗ್ರಂಥಪಾಲಕ

ಮರೆತ ಮಾತು: ಅವಳ ಸೇವೆಯ ಗಂಟೆಗಳು ಮುಗಿದು ಹದಿನೈದು ದಿನವಾಯಿತು. ಇವತ್ತೂ ಬಂದಿದ್ದಾಳೆ. ಗಂಟೆ ಬರೆದುಕೊಳ್ಳಲೇನಮ್ಮ ಎಂದರೆ, “ಬೇಡ ಸರ್, ಅಜ್ಜ ಕಾಯ್ತಿರ್ತಾರೆ” ಅಂದಳು. ಇದಕ್ಕೆ ತಮ್ಮಲ್ಲಿ ಫಾರಂ ಇದ್ದರೆ ಕಳುಹಿಸಿ. ಇಲ್ಲದಿದ್ದರೆ ತಾವೇ ಒಂದು ದಿನ ಬಂದು ಅವಳ ಪಕ್ಕದಲ್ಲಿ ಕೂತು ಕಲಿಯಿರಿ, ತಮ್ಮ ಗಂಟೆಗಳಿಗೆ ನಾನು ಸಹಿ ಮಾಡಿಕೊಡುತ್ತೇನೆ.